ಇದೇನ ಹೊಸಾದಲ್ಲ ಬಿಡ್ರಿ

ನಮ್ಮ ಭಾಗದಲ್ಲಿ ಒಂದು ಮನೆಗೆ ತಾಪತ್ರಯ ಬಂತೆಂದರೆ ಅದರ ಬೆನ್ನಿಗೇ ಒಬ್ಬ ಮನುಷ್ಯನೂ ಬರುತ್ತಾನೆ. ಕೈಗಡ ಕೊಡಲಿಕ್ಕಲ್ಲ. ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು, ತಂಬಿಗೆ ನೀರು ಕುಡಿದು, ನಾವು ನಮ್ಮ ಗೋಳನ್ನು ಅರ್ಧ ಹೇಳುವಷ್ಟರಲ್ಲಿ ಕೈ ಅಡ್ಡ ಮಾಡಿ, “ಇದೇನ ಹೊಸಾದಲ್ಲ ಬಿಡ್ರಿ, ವಿರಾಟಪರ್ವದಾಗ ಬರತದ” ಎನ್ನಲಿಕ್ಕೆ. ರೋಣ, ನರಗುಂದ, ಗಜೇಂದ್ರಗಡ ಎಲ್ಲಿ ಹೋದರೂ ಈ ಪೈಕಿಯ ಒಬ್ಬರಾದರೂ ಸಿಗುತ್ತಾರೆ. ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದನಲ್ಲ, ಅದರ ಅಮಲು ಈ ಸೀಮೆಗೆ ಇನ್ನೂ ಇಳಿದಿಲ್ಲ.

ನನ್ನ ಪಾಲಿಗೆ ಬಂದವರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಉದ್ಯೋಗ ವಿಮೆ ಏಜೆಂಟಿಕೆ. ಅಂದರೆ, ಜನರಲ್ಲಿ ಒಂದಿಷ್ಟು ಅಂಜಿಕೆ ಹುಟ್ಟಿಸಿ, ಆ ಅಂಜಿಕೆ ಆರುವ ಮೊದಲೇ ಸಹಿ ಹಾಕಿಸಿಕೊಳ್ಳಬೇಕು. ಕಾಕಾನದು ಉಲ್ಟಾ. ಅಂಜಿಕೆ ಹುಟ್ಟುವಷ್ಟರಲ್ಲಿ ಉತ್ತರಕುಮಾರ ಬಂದುಬಿಡುತ್ತಾನೆ. ಹೆಂಗಸರ ಮುಂದೆ ಮೀಸೆ ತಿರುವಿ, ಕೌರವರ ಸೈನ್ಯ ಕಂಡ ಕೂಡಲೇ ರಥದಿಂದ ಜಿಗಿದು ಓಡುವ ಆ ರಾಜಕುಮಾರನ ಕಥೆ ಮುಗಿಯುವ ಹೊತ್ತಿಗೆ ಕೇಳಿದವರಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಹಾಗೆ ನಗುತ್ತಿರುವವನಿಗೆ ಸಾವಿನ ಸುದ್ದಿ ಹೇಗೆ ಹೇಳುವುದು? ಫಾರ್ಮು ಮಡಚಿ ಬ್ಯಾಗಿಗೆ. ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಇರುವುದರಿಂದ, ಮುಂಗಾರು ಕೈಕೊಟ್ಟ ವರ್ಷ ಕಾಕಾನಿಂದ ಒಂದೂ ಪಾಲಿಸಿ ಆಗುವುದಿಲ್ಲ.

ಇಂಥವರ ಮೇಲೆ ಸಿಟ್ಟು ಬರುವುದು ಯಾಕೆಂದರೆ, ಕಷ್ಟದಲ್ಲಿದ್ದವನಿಗೆ ಉಳಿದಿರುವುದು ಒಂದೇ ಆಸ್ತಿ: ಇಂಥಾದ್ದು ಜಗತ್ತಿನಲ್ಲಿ ಯಾರಿಗೂ ಬಂದಿಲ್ಲ ಎಂಬ ಹೆಮ್ಮೆ. ಕಾಕಾ ಮೊದಲು ಅದಕ್ಕೇ ಕೈ ಹಾಕುತ್ತಾರೆ. ನಿನ್ನ ದುಃಖ ಸೆಕೆಂಡ್ ಹ್ಯಾಂಡು, ಹಿಂದೆ ಇಂಥಿಂಥವರು ವಾಪರಿಸಿ ಬಿಟ್ಟದ್ದು ಎಂದು ಪರ್ವ, ಅಂಕ, ಪ್ರವೇಶದ ಸಮೇತ ತೋರಿಸಿಬಿಡುತ್ತಾರೆ.

ಒಮ್ಮೆ ನಮ್ಮ ಓಣಿಯ ಹುಡುಗನೊಬ್ಬ ಮನೆ ಬಿಟ್ಟು ಗೋವಾಕ್ಕೆ ಹೋದ. ತಾಯಿ ಕಟ್ಟೆಗೆ ಕೂತು ಅಳುತ್ತಿದ್ದಳು. ಕಾಕಾ ಬಂದವರೇ ಭೀಮಸೇನ ಜೋಶಿಯವರನ್ನು ತೆಗೆದರು. 1922ರಲ್ಲಿ ಇದೇ ರೋಣದಲ್ಲಿ ಹುಟ್ಟಿದ ಹುಡುಗ. ಹಾಡು ಕೇಳಿದಲ್ಲೆಲ್ಲ ಬೆನ್ನು ಹತ್ತಿ ಹೋಗುತ್ತಾನೆಂದು ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದು ಕಳಿಸುತ್ತಿದ್ದರಂತೆ. ಹನ್ನೊಂದರ ವಯಸ್ಸಿಗೆ ಊಟದಲ್ಲಿ ಇನ್ನಷ್ಟು ತುಪ್ಪ ಬಡಿಸಲಿಲ್ಲವೆಂದು ಮನೆ ಬಿಟ್ಟು, ಟಿಕೆಟ್ಟಿಲ್ಲದೆ ರೈಲು ಹತ್ತಿ ಗ್ವಾಲಿಯರದವರೆಗೆ ಗುರು ಹುಡುಕಿ, ಕಡೆಗೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ನಿಂತು, 2008ರಲ್ಲಿ ಭಾರತರತ್ನ. ಎಲ್ಲವನ್ನೂ ಕೇಳಿ ಆ ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, “ನನ್ನ ಮಗಾ ಹಾಡಾಂವಲ್ಲರಿ, ಗೌಂಡಿ ಕೆಲಸಕ್ಕ ಹೋದಾಂವ” ಎಂದಳು. ಕಾಕಾ ಆ ದಿವಸ ಚಹಾ ಕುಡಿಯದೆ ಎದ್ದರು.

ಹರೆಯದಲ್ಲಿ ಅವರು ನಾಟಕದವರು. ಜಾತ್ರೆಯ ನರಗುಂದ ಬಂಡಾಯದಲ್ಲಿ ಅವರದು ಮ್ಯಾನ್ಸನ್ ಸಾಹೇಬನ ಪಾತ್ರ. 1858ರಲ್ಲಿ ಸುರೇಬಾನದಲ್ಲಿ ಬಾಬಾಸಾಹೇಬನ ಕೈಯಲ್ಲಿ ತಲೆ ಕಳೆದುಕೊಂಡವನು. ತಲೆ ಹಾರಿ, ಸಾಹೇಬ ಬಿದ್ದಿದ್ದಾನೆ. ಅಷ್ಟರಲ್ಲಿ ಮೈಕಿನಲ್ಲಿ “ಮ್ಯಾನ್ಸನ್ ಪಾತ್ರಧಾರಿಗೆ ಸೋದರಮಾವನವರಿಂದ ಹನ್ನೊಂದು ರೂಪಾಯಿ ಮತ್ತು ಒಂದು ಟಾವೆಲ್ ಆಹೇರಿ” ಎಂದು ಕೂಗಿದರು. ಆಹೇರಿ ಬಿಡುವಂತಿಲ್ಲ. ಹೆಣ ಎದ್ದು ಮಾವನ ಕಾಲಿಗೆ ನಮಸ್ಕಾರ ಮಾಡಿ, ಟಾವೆಲ್ ಹೊದ್ದು ಮತ್ತೆ ಮಲಗಿತು. ಮಂದಿ ಬಿಡಲಿಲ್ಲ, ‘ಒನ್ಸ್ ಮೋರ್’ ಎಂದು ಕೂಗಿ ಅವರನ್ನು ಇನ್ನೊಮ್ಮೆ ಕಡಿಸಿದರು. ಸತ್ತರೂ ಏಳಬಹುದು ಎಂಬ ಧೈರ್ಯ ಕಾಕಾನಿಗೆ ಅಂದಿನಿಂದಲೇ ಬಂದಿರಬೇಕು.

ಅವರ ಓದು ಭಾರತಕ್ಕೇ ನಿಂತಿದ್ದಲ್ಲ. 2015ರ ಜುಲೈಯಲ್ಲಿ ನರಗುಂದದಲ್ಲಿ ಮಹದಾಯಿ ನೀರಿಗಾಗಿ ರೈತರು ಟೆಂಟು ಹಾಕಿ ಕೂತರಲ್ಲ, ಅಲ್ಲಿಗೂ ಹೋಗಿ ಬೆಕೆಟ್‌ನ ಗೋಡೋ ಕಥೆ ಹೇಳಿ ಬಂದರು. ಇಬ್ಬರು ಒಂದು ಗಿಡದ ಕೆಳಗೆ ಗೋಡೋ ಎಂಬವನಿಗೆ ಕಾಯುತ್ತಾರೆ, ಆತ ಬರುವುದಿಲ್ಲ, ನಾಳೆ ಬರುತ್ತೇನೆಂದು ಹುಡುಗನೊಬ್ಬನ ಕೈಯಲ್ಲಿ ಹೇಳಿ ಕಳಿಸುತ್ತಾನೆ. ರುಮಾಲಿನ ಹಿರಿಯರೊಬ್ಬರು ಬೀಡಿ ಆರಿಸಿ ಕೇಳಿದರಂತೆ: “ಆತ ಯಾವ ಖಾತೇದ ಮಂತ್ರೀರಿ?” 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪು ಕೊಟ್ಟ ಮೇಲೂ ನೀರು ಬಾರದಿದ್ದಾಗ, “ಹುಡುಗ ಬಂದು ಹೋದ ನೋಡ್ರಿ” ಎಂದರು ಕಾಕಾ. ಇನ್ನೊಮ್ಮೆ ಗಜೇಂದ್ರಗಡದ ಕಾಲಕಾಲೇಶ್ವರನಿಗೆ ಲೂನಾ ಮೇಲೆ ಹೋಗುವಾಗ ಗುಡ್ಡದ ಗಾಳಿಯಂತ್ರಗಳನ್ನು ತೋರಿಸಿ, ಗಾಳಿಯಂತ್ರವನ್ನು ರಾಕ್ಷಸನೆಂದು ಬಗೆದು ಈಟಿ ಹಿಡಿದು ನುಗ್ಗಿದ ಸ್ಪೇನಿನ ಮುದುಕನ ಕಥೆ ಹೇಳಿ ಹ್ಯಾಂಡಲ್ ಬಿಟ್ಟು ನಕ್ಕರು. ಪುಸ್ತಕ ಓದಿ ತಲೆಕೆಟ್ಟ ಆ ಮುದುಕ ಯಾರ ಹಾಗಿದ್ದಾನೆಂದು ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಹಿಂದಿನ ಸೀಟಿನಲ್ಲಿ ಕೂತು ಗಟ್ಟಿ ಹಿಡಿದುಕೊಂಡ ದಪ್ಪನೆಯ ಸೇವಕ ಯಾರೆಂಬುದೂ ಹೊಳೆದದ್ದರಿಂದ ಸುಮ್ಮನಿದ್ದೆ.

ಆದರೆ ನಾನು ಅವರನ್ನು ಇನ್ನೂ ಕ್ಷಮಿಸದಿರುವುದು ನನ್ನ ಅಕ್ಕನ ಮನೆಯ ಪ್ರಸಂಗಕ್ಕೆ. ನರಗುಂದದ ಹಳೆಯ ಓಣಿಗಳಲ್ಲಿ ನೆಲ ಕುಸಿಯುತ್ತದೆ. ಹಿಂದಿನವರು ಜೋಳ ತುಂಬಿಡಲು ಮನೆಯೊಳಗೇ ತೋಡಿದ ಹಗೇವುಗಳನ್ನು ಮೊಮ್ಮಕ್ಕಳು ಮರೆತು ಮೇಲೆ ಬಂಡೆ ಹಾಸಿಕೊಂಡಿದ್ದಾರೆ. ಮಲಪ್ರಭೆಯ ಕಾಲುವೆ ಬಂದ ಮೇಲೆ ಕೆಳಗಿನ ನೀರು ಮೇಲೇರಿ ಮಣ್ಣು ಮೆತ್ತಗಾಗಿದೆ. ನಿಂತಲ್ಲೇ ಭೂಮಿ ಬಾಯಿ ಬಿಡುತ್ತದೆ. ಅಕ್ಕನ ನಡುಮನೆಯಲ್ಲಿ ನಸುಕಿನಲ್ಲಿ ಹಾಗಾಯಿತು. ಪುಣ್ಯಕ್ಕೆ ಮಂದಿ ಬೀಳಲಿಲ್ಲ, ಟ್ರಂಕು ಬಿತ್ತು. ಟ್ರಂಕಿನೊಳಗೆ ಕಾಕಾ ಹೇಗೋ ಮಾಡಿಸಿದ್ದ ಪಾಲಿಸಿಯ ಬಾಂಡು. ಹಾಗಾಗಿ ನಾನು ಹೊರಟ ಬಸ್ಸಿಗೇ ಅವರೂ ಹತ್ತಿದರು.

ಒಳಗೆ ಸಾವಿನ ಮನೆಯ ಕಳೆ. ಅಕ್ಕ ಗೋಡೆಗೆ ಒರಗಿ, ಕಾಲು ನೆಲಕ್ಕೆ ತಾಗದಂತೆ ಮಡಚಿಕೊಂಡು ಕೂತಿದ್ದಾಳೆ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಸಮಾಧಾನದ ಮಾತು ಬಾಯಿಗೆ ಬರಬೇಕು, ಅಷ್ಟರಲ್ಲಿ ಕಾಕಾ ಕುಣಿಯ ಅಂಚಿಗೆ ಬೋರಲಾಗಿ ಮಲಗಿ, ಮ್ಯಾನ್ಸನ್ ಕಾಲದ ಗಂಟಲಿನಲ್ಲಿ, “ಎಲೋ ದುರ್ಯೋಧನಾ! ವೈಶಂಪಾಯನ ಸರೋವರದಾಗ ಎಷ್ಟೊತ್ತು ಅಡಗಿ ಕೂಡತಿ? ಬಾರೋ ಹೊರಗ!” ಎಂದು ಕೂಗಿದರು. ಹಗೇವು ಗುಂಯ್ ಎಂದಿತು. ಕೆಳಗಿನಿಂದ ಉತ್ತರವೂ ಬಂತು: “ಬರತೇನ ತಡೀರಿ, ಟ್ರಂಕಿಗಿ ಹಗ್ಗಾ ಬಿಗ್ಯಾಕತ್ತೇನಿ!” ಗಾಳಿ ಇದೆಯೋ ಇಲ್ಲವೋ ಎಂದು ಮೊದಲು ಕಂದೀಲು ಬಿಟ್ಟು, ಅದು ಆರದ್ದನ್ನು ನೋಡಿಕೊಂಡು ಪಕ್ಕದ ಮನೆಯ ಹುಡುಗ ಹಗ್ಗ ಹಿಡಿದು ಇಳಿದಿದ್ದನಂತೆ. ಆತ ಮೈಯೆಲ್ಲ ಮಣ್ಣಾಗಿ ತಲೆ ಹೊರಗೆ ಹಾಕಿದಾಗ ಪಂಚನಾಮೆಗೆ ಬಂದವರ ಪೆನ್ನು ನಿಂತಿತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನನ್ನ ಸಮಾಧಾನದ ಮಾತು ಯಾರಿಗೂ ಬೇಕಾಗದೆ ರೋಣಕ್ಕೆ ವಾಪಸು ಬಂತು.

ಅಕ್ಕನ ಮನೆಯಲ್ಲಿ ಇವತ್ತಿಗೂ ರಾತ್ರಿ ಎದ್ದವರು ಗೋಡೆ ಹಿಡಿದೇ ನಡೆಯುತ್ತಾರೆ. ಕುಣಿ ಮುಚ್ಚಿದ ಜಾಗದ ಮೇಲೆ ಮೊಮ್ಮಗ ‘ಕೌರವನ ಮನಿ’ ಎಂದು ಕುಣಿಯುತ್ತಾನೆ, ಅಕ್ಕ ಲಟ್ಟಣಿಗೆ ಎತ್ತುತ್ತಾಳೆ. ಬಂದ ನೆಂಟರಿಗೆ ಆಕೆ ಮೊದಲು ಹೇಳುವುದು ನೆಲ ಕುಸಿದದ್ದನ್ನಲ್ಲ, ದುರ್ಯೋಧನ ಟ್ರಂಕು ಹೊತ್ತು ಬಂದದ್ದನ್ನು. ಮೊನ್ನೆ ಆಕೆ ಹೇಳುವಾಗ ಕೇಳಿಸಿಕೊಂಡೆ, ದುರ್ಯೋಧನನ ಮಾತು ನಾಲ್ಕಾರು ಜಾಸ್ತಿಯಾಗಿವೆ.

ಹೋದ ತಿಂಗಳು ಕಾಕಾನ ಒಂದು ಕಣ್ಣಿನ ಪೊರೆ ತೆಗೆಸಿದರು. ಸೇಡಿಗೆ ಇದೇ ಹೊತ್ತು ಎಂದು ಗದಗಿಗೆ ಹೋದೆ. ಪಟ್ಟಿ ಕಟ್ಟಿಕೊಂಡು ಮಲಗಿದ್ದರು. “ಇದೇನ ಹೊಸಾದಲ್ಲ ಬಿಡ್ರಿ ಕಾಕಾ, ಧೃತರಾಷ್ಟ್ರಗೂ ಹಿಂಗ ಇತ್ತು” ಎಂದೆ. ಅವರು ಎದ್ದೇ ಕೂತರು. “ಧೃತರಾಷ್ಟ್ರನ ಎರಡೂ ಹೋಗಿದ್ದೂವಪಾ. ನಂದು ಒಂದ. ಒಂದ ಕಣ್ಣಿಗೆ ಶುಕ್ರಾಚಾರ್ಯ! ಪಾತ್ರ ಹಚ್ಚೂಮುಂದ ಅಳತಿ ನೋಡಿ ಹಚ್ಚಬೇಕು” ಎಂದು, ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಬಲಿಯ ಯಜ್ಞಶಾಲೆಗೆ ವಾಮನನನ್ನು ಕೊಡೆ ಹಿಡಿಸಿ ಕರೆತಂದರು. ರೋಣದ ಬಸ್ಸಿಗೆ ಹೊತ್ತಾಗಿತ್ತು. ಏಳೋಣವೆಂದರೆ, ಆಚೆ ಹಾಸಿಗೆಯ ಪಟ್ಟಿಯವರು ದಿಂಬು ಈ ಕಡೆ ತಿರುಗಿಸಿಕೊಂಡು, “ಸ್ವಲ್ಪ ಜೋರ ಹೇಳ್ರಿ, ಇಲ್ಲಿಮಟಾ ಕೇಳವಲ್ದು” ಎಂದರು.