ಚೀತಾ, ನಿನ್ನ ನಿವೃತ್ತಿಯ ಕಡತ ಎಲ್ಲಿದೆ?

ಪ್ರೀತಿಯ ಚೀತಾ ಹೆಲಿಕಾಪ್ಟರ್‌ಗೆ,

ಈ ಪತ್ರವನ್ನು ದೆಹಲಿಯ ರಕ್ಷಣಾ ಸಚಿವಾಲಯಕ್ಕೆ ಬರೆಯಬಹುದಿತ್ತು. ಅಲ್ಲಿಗೆ ಯೋಧರ ಮನೆಯವರೇ ಹೋಗಿ ಬಂದಿದ್ದಾರೆ. ನಿನ್ನನ್ನೂ ನಿನ್ನ ಅಣ್ಣ ಚೇತಕ್‌ನನ್ನೂ ಹಾರಾಟದಿಂದ ಬಿಡುಗಡೆ ಮಾಡಿ ಎಂದು ಸೇನಾಧಿಕಾರಿಗಳ ಪತ್ನಿಯರು ಮನವಿ ಕೊಟ್ಟಾಗ ಮನೋಹರ ಪರಿಕ್ಕರ್ ರಕ್ಷಣಾ ಸಚಿವರಾಗಿದ್ದರು. ಅವರು ತೀರಿಕೊಂಡು ವರ್ಷಗಳಾದವು. ನೀನು ಇನ್ನೂ ಹಾರುತ್ತಿದ್ದೀಯ. ಅದಕ್ಕೇ ನಿನಗೇ ಬರೆಯುತ್ತಿದ್ದೇನೆ, ಓದಬೇಕಾದವರು ಓದಿಕೊಳ್ಳಲಿ.

ನಿನ್ನ ಹಿರಿಮೆಯನ್ನು ಮೊದಲು ಹೇಳುತ್ತೇನೆ. ಹಿಮಾಲಯದ ಎತ್ತರದಲ್ಲಿ ಹಾರಬಲ್ಲ ಯಂತ್ರ ಬೇಕು ಎಂದು ಭಾರತದ ಸೇನೆ ಕೇಳಿದ್ದಕ್ಕೇ ಫ್ರಾನ್ಸಿನವರು ನಿನ್ನನ್ನು ರೂಪಿಸಿದರು. ಅಲೂಯೆಟ್ 2ರ ಹಗುರವಾದ ಒಡಲಿಗೆ ಅಲೂಯೆಟ್ 3ರ ಎಂಜಿನ್ನು, ರೋಟರುಗಳನ್ನು ಕೂಡಿಸಿದರು. 1969ರಲ್ಲಿ ಮೊದಲ ಹಾರಾಟ. ಅಲ್ಲಿ ನಿನ್ನ ಹೆಸರು ಲಾಮಾ. 1972ರ ಜೂನ್ 21ರಂದು ಜಾನ್ ಬುಲೆ ಎಂಬ ಪೈಲಟ್ ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಒಯ್ದರು. ಅಲ್ಲಿ ಎಂಜಿನ್ ಆರಿಹೋಯಿತು. ಗಾಳಿಗೆ ತಾನಾಗಿ ತಿರುಗುವ ರೋಟರನ್ನೇ ನಂಬಿ ಅವರು ನೆಲಕ್ಕೆ ಇಳಿದರು. ಬೆಂಗಳೂರಿನ ಎಚ್‌ಎಎಲ್ 1970ರಲ್ಲೇ ಪರವಾನಗಿ ಪಡೆದು ನಿನ್ನನ್ನು ಇಲ್ಲಿ ಕಟ್ಟತೊಡಗಿತು.

1984ರ ಏಪ್ರಿಲ್‌ನಲ್ಲಿ ಸಿಯಾಚಿನ್‌ನಲ್ಲಿ ಮೇಘದೂತ ಕಾರ್ಯಾಚರಣೆ ಶುರುವಾಯಿತು. ಅಂದಿನಿಂದ ಆ ಹಿಮನದಿಯ ಮೇಲಿನ ಠಾಣೆಗಳ ಬದುಕು ನಿನ್ನ ಮೇಲೆ ನಿಂತಿದೆ. ಹತ್ತೊಂಬತ್ತು, ಇಪ್ಪತ್ತು ಸಾವಿರ ಅಡಿಯಲ್ಲಿ ಗಾಳಿ ಎಷ್ಟು ತೆಳುವೆಂದರೆ ರೋಟರ್ ಅಲಗಿಗೆ ಸಾಕಷ್ಟು ಹಿಡಿತ ಸಿಗುವುದಿಲ್ಲ, ಎಂಜಿನ್ ಬಲವೂ ಕುಗ್ಗುತ್ತದೆ. ತೀರಾ ಎತ್ತರದ ಠಾಣೆಗೆ ಒಂದು ಸಲಕ್ಕೆ ನೀನು ಒಯ್ಯಬಲ್ಲದ್ದು ಹೆಚ್ಚೆಂದರೆ ಒಂದು ಜೆರಿಕ್ಯಾನ್ ಸೀಮೆಎಣ್ಣೆಯಷ್ಟು ಭಾರ. ರೋಟರ್ ನಿಲ್ಲಿಸದೆ ಸಾಮಾನು ಇಳಿಸಿ, ಕಾಯಿಲೆಯವರಿದ್ದರೆ ಹತ್ತಿಸಿಕೊಂಡು, ನಿನ್ನ ಪೈಲಟ್‌ಗಳು ತಕ್ಷಣ ಹೊರಟುಬಿಡುತ್ತಾರೆ.

ಕನ್ನಡಿಗರಿಗೆ ಆ ಜಾಗದ ಹೆಸರು ಮರೆಯುವಂಥದ್ದಲ್ಲ. 2016ರ ಫೆಬ್ರವರಿ 3ರಂದು ಸೋನಮ್ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಅವರಲ್ಲಿ ಮೂವರು ನಮ್ಮವರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತ ಸಿಕ್ಕರು. ಮರುದಿನ ಹೆಲಿಕಾಪ್ಟರ್ ಅವರನ್ನು ಕೆಳಗಿಳಿಸಿತು. ದೆಹಲಿಯ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ಅವರು ತೀರಿಕೊಂಡರು. ಆ ಎತ್ತರದಿಂದ ಮನುಷ್ಯನೊಬ್ಬ ಬೇಗ ಕೆಳಗೆ ಬರಬೇಕಾದರೆ ಹೆಲಿಕಾಪ್ಟರ್ ಬಿಟ್ಟು ಬೇರೆ ದಾರಿಯಿಲ್ಲ.

ಆದರೆ ಚೀತಾ, ನಿನ್ನ ಈ ಸಾಮರ್ಥ್ಯವೇ ನಿನಗೂ ನಿನ್ನ ಪೈಲಟ್‌ಗಳಿಗೂ ಮುಳುವಾಗಿದೆ. ಹೇಗೋ ನಡೆಯುತ್ತಿದೆಯಲ್ಲ ಎಂಬ ಧೈರ್ಯದಲ್ಲಿ ಬದಲಿ ವ್ಯವಸ್ಥೆಯನ್ನು ಮುಂದೂಡುತ್ತಲೇ ಬಂದೆವು. ನಿನಗಿರುವುದು ಒಂದೇ ಎಂಜಿನ್. ಕಾಕ್‌ಪಿಟ್‌ನಲ್ಲಿ ಮುಳ್ಳು ತಿರುಗುವ ಹಳೆಯ ಡಯಲುಗಳು. ಆಟೋಪೈಲಟ್ ಇಲ್ಲ, ಹವಾಮಾನ ರಾಡಾರ್ ಇಲ್ಲ, ಮೋಡದೊಳಗೆ ಎದುರಿಗೆ ಬೆಟ್ಟ ಬಂದರೆ ಕೂಗಿ ಎಚ್ಚರಿಸುವ ಸಾಧನವೂ ಇಲ್ಲ. 2019ರಲ್ಲಿ ಭೂತಾನಿನ ಯೋಂಗ್‌ಫುಲ್ಲಾ ಬಳಿ, 2022ರಲ್ಲಿ ಗುರೇಜ್‌ನಲ್ಲಿ, ಅದೇ ವರ್ಷ ತವಾಂಗ್ ಬಳಿ, 2023ರಲ್ಲಿ ಬೊಮ್ಡಿಲಾ ಸಮೀಪದ ಮಂಡಲ ಬೆಟ್ಟದಲ್ಲಿ ನೀನು ಬಿದ್ದೆ. ನಾಲ್ಕೂ ಕಡೆ ಪೈಲಟ್‌ಗಳು ಸತ್ತರು.

ನಿನಗೆ ಹೊಸ ಎಂಜಿನ್ ಕೂಡಿಸಿ ಚೀತಲ್ ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಎಂಜಿನ್ ಬದಲಾದರೆ ಬಲ ಹೆಚ್ಚುತ್ತದೆ, ಒಡಲಿನ ವಿನ್ಯಾಸ ಅದೇ ಉಳಿಯುತ್ತದೆ. ನಿನ್ನ ಜಾಗಕ್ಕೆ 197 ಹೊಸ ಹೆಲಿಕಾಪ್ಟರ್ ಕೊಳ್ಳುವ ಟೆಂಡರ್ 2007ರಲ್ಲಿ ರದ್ದಾಯಿತು. ಮತ್ತೆ ಕರೆದದ್ದು 2014ರಲ್ಲಿ ರದ್ದಾಯಿತು. 2015ರಲ್ಲಿ ರಷ್ಯಾದ ಜೊತೆ ಕಾಮೊವ್ 226ಟಿ ಒಪ್ಪಂದವಾಯಿತು, ಅದೂ ಕೈಗೂಡಲಿಲ್ಲ. ಇದೇ ಅವಧಿಯಲ್ಲಿ ದಾಳಿ ಹೆಲಿಕಾಪ್ಟರ್‌ಗಳ ಕಥೆ ಬೇರೆಯಾಯಿತು: ಅಮೆರಿಕದ ಅಪಾಚೆ ಬಂತು, ಎಚ್‌ಎಎಲ್‌ನ ಪ್ರಚಂಡ 2022ರಲ್ಲಿ ವಾಯುಪಡೆ ಸೇರಿತು, 2025ರ ಮಾರ್ಚ್‌ನಲ್ಲಿ ಇನ್ನೂ 156 ಪ್ರಚಂಡಗಳಿಗೆ ಸಹಿ ಬಿತ್ತು. ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಅನ್ನ, ಎಣ್ಣೆ, ಔಷಧ ಹೊರುವ ನಿನ್ನಂಥವರ ಸರದಿ ಯಾಕೆ ಯಾವಾಗಲೂ ಕೊನೆಗೆ?

ಬದಲಿ ಇಲ್ಲವೆಂದೇನಲ್ಲ. ಎಚ್‌ಎಎಲ್‌ನ ಲಘು ಹೆಲಿಕಾಪ್ಟರ್ ಎಲ್‌ಯುಎಚ್ 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲೇ ಮೊದಲ ಬಾರಿ ಹಾರಿತು. 2020ರಲ್ಲಿ ಲೇಹ್‌ನಿಂದ ಹೊರಟು ಪರೀಕ್ಷೆಗಾಗಿ ಅದೇ ಸೋನಮ್‌ನ ಹೆಲಿಪ್ಯಾಡ್ ಮೇಲೂ ಇಳಿಯಿತು. ಸೇನೆಗೂ ವಾಯುಪಡೆಗೂ ಸೇರಿ 187 ಬೇಕೆಂಬ ಲೆಕ್ಕವಿತ್ತು, ಮೊದಲ ಹಂತದಲ್ಲಿ ಒಪ್ಪಿಗೆ ಸಿಕ್ಕಿದ್ದು 12ಕ್ಕೆ. ಆಟೋಪೈಲಟ್‌ನ ಕೆಲಸ ಮುಗಿಯುವುದೇ ತಡವಾಯಿತು. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ 615 ಎಕರೆಯಲ್ಲಿ ಇದಕ್ಕೆಂದೇ ಎದ್ದ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ ಮೊದಲು 30, ಮುಂದೆ 60, 90 ಎಂದು ಅಂದು ಹೇಳಿದ್ದರು.

ಅವಸರದಲ್ಲಿ ಅರೆಬರೆ ಯಂತ್ರ ಕೊಡಿ ಎಂದು ನಾನು ಕೇಳುವುದಿಲ್ಲ. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಎಚ್‌ಎಎಲ್‌ನದೇ ಧ್ರುವ ಹೆಲಿಕಾಪ್ಟರ್ ಬಿದ್ದು ಮೂವರು ಸತ್ತ ಮೇಲೆ ಅಂಥ ಮಾತು ಯಾರೂ ಆಡಬಾರದು. ನಾನು ಕೇಳುವುದು ದಿನಾಂಕ. ಬೆಂಗಳೂರಿನ ಎಂಜಿನಿಯರುಗಳೇ, ಆ ಆಟೋಪೈಲಟ್ ಎಂದು ಸಿದ್ಧವಾಗುತ್ತದೆಂದು ದೇಶಕ್ಕೆ ಹೇಳಿ. ದೆಹಲಿಯವರೇ, ಚೀತಾದ ಕೊನೆಯ ಹಾರಾಟದ ದಿನವನ್ನು ಬರಹದಲ್ಲಿ ಕೊಡಿ. ಅಲ್ಲಿಯವರೆಗೆ ಹಾರುವ ಪ್ರತಿಯೊಂದು ಚೀತಾಕ್ಕೂ ಬೆಟ್ಟದ ಎಚ್ಚರಿಕೆ ಕೊಡುವ ಸಾಧನ ಹಾಕಿಸಿ. ಗುಬ್ಬಿಯಿಂದ ಹೊರಡುವ ಮೊದಲ ಎಲ್‌ಯುಎಚ್ ತಂಡ ಮೆರವಣಿಗೆಗೆ ಹೋಗುವುದು ಬೇಡ, ನೇರ ಸಿಯಾಚಿನ್‌ಗೆ ಹೋಗಲಿ.

ಇಂತಿ ನಿನ್ನ ಹಿತ ಬಯಸುವ,
ಕನ್ನಡದ ಒಬ್ಬ ಪ್ರಜೆ