ಲಿನಕ್ಸ್ ಸರ ಮತ್ತು ಮೂಕ ಮೈಕು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಊರಿಗೆ ಹೋದರೂ ಒಬ್ಬ ಲಿನಕ್ಸ್ ಸರ ಇದ್ದೇ ಇರುತ್ತಾನೆ. ಓದಿದ್ದು ಡಿಪ್ಲೊಮಾ, ಹೆಗಲಿಗೊಂದು ಬ್ಯಾಗು, ಬ್ಯಾಗಿನ ತುಂಬ ಪೆನ್‌ಡ್ರೈವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಋಣ ಹರಿದ ಮೇಲೆ ಈತನ ಕಿಮ್ಮತ್ತು ಏರಿದೆ. ವಿಂಡೋಸ್ 11 ಒಲ್ಲೆನೆಂದ ಹಳೆಯ ಲ್ಯಾಪ್‌ಟಾಪುಗಳಿಗೆಲ್ಲ ಈತ ಉಬುಂಟು ಎಂಬ ಲಿನಕ್ಸ್ ಹಾಕಿಕೊಡುತ್ತಾನೆ. ವೈಫೈ ಹತ್ತುತ್ತದೆ, ಯೂಟ್ಯೂಬು ಓಡುತ್ತದೆ, ಮನೆಯವರು ಚಹಾ ಕೊಡುತ್ತಾರೆ. ಮರುದಿನ ಆನ್‌ಲೈನ್ ಕ್ಲಾಸಿಗೆ ಕೂತರೆ ಆಚೆಯಿಂದ ಒಂದೇ ಮಾತು: ‘ನಿಮ್ಮ ದನಿ ಕೇಳ್ಸವಲ್ದು’. ಸ್ಪೀಕರು ಕೆಟ್ಟರೆ ಎದುರಿಗೆ ಕೂತವನಿಗೇ ಗೊತ್ತಾಗುತ್ತದೆ, ಮೈಕು ಕೆಟ್ಟದ್ದನ್ನು ಮಾತ್ರ ಇನ್ನೊಬ್ಬರು ಹೇಳಬೇಕು. ಹಾಗೆ ಹೇಳಿಸಿಕೊಂಡವರು ಲಿನಕ್ಸ್ ಸರನಿಗೆ ಫೋನು ಹಚ್ಚುತ್ತಾರೆ, ಆತ ಮೈಕು ರಿಪೇರಿ ಮಾಡುವವನೆಂಬ ನಂಬಿಕೆಯಿಂದ. ಆ ನಂಬಿಕೆಯೇ ತಪ್ಪು. ಆತನಿಗೆ ಬೇಕಾಗಿರುವುದು ಕಾರಣ. ರಿಪೇರಿ ಆದರೂ ಆಯಿತು, ಬಿಟ್ಟರೂ ಬಿಟ್ಟಿತು.

ಇದಕ್ಕೆ ಸಾಕ್ಷಿ ಬೇಕಷ್ಟಿವೆ. ಕೀಬೋರ್ಡಿನ ಮೇಲೆ ಮೈಕಿಗೆ ಗೀಟು ಹೊಡೆದ ಚಿತ್ರದ ಗುಂಡಿ ಇದ್ದು, ಅದರ ದೀಪ ಕೆಂಪಗೆ ಉರಿಯುತ್ತಿದ್ದರೂ ಈತನ ಕಣ್ಣು ಅತ್ತ ಹೋಗುವುದಿಲ್ಲ. ಕೂತವನೇ ಕರಿ ಪರದೆ ತೆಗೆದು ‘ಆಲ್ಸಾಮಿಕ್ಸರ್’ ಎಂದು ಬಡಿಯುತ್ತಾನೆ. ಎಫ್6 ಒತ್ತಿ ಸೌಂಡ್ ಕಾರ್ಡು ಆರಿಸಿ, ಎಫ್4 ಒತ್ತಿ ದನಿ ಒಳಗೆ ಬರುವ ದಾರಿ ನೋಡಿ, ‘ಕ್ಯಾಪ್ಚರ್’ ಪಟ್ಟಿಯನ್ನು ನೂರಕ್ಕೆ ಏರಿಸುತ್ತಾನೆ. ಆಮೇಲೆ ಲಿನಕ್ಸಿನಲ್ಲಿ ದನಿ ನಡೆಸುವ ತಂತ್ರಾಂಶಗಳ ವಂಶಾವಳಿ ಸುರುವಾಗುತ್ತದೆ: ತಳದಲ್ಲಿ ಆಲ್ಸಾ, ಅದರ ಮೇಲೆ 2004ರಿಂದ ಪಲ್ಸ್‌ಆಡಿಯೊ, ಅದನ್ನು ಎಬ್ಬಿಸಿ ಉಬುಂಟು 22.10ರಿಂದ ಆ ಜಾಗದಲ್ಲಿ ಕೂತ ಪೈಪ್‌ವೈರ್. ‘ಸರ, ಮೈಕು?’ ಎಂದರೆ ‘ಅಲ್ಲಿಗೇ ಬರಾಕತ್ತೇನ್ರಿ’ ಎನ್ನುತ್ತಾನೆ. ನಡುವೆ ಒಮ್ಮೆ ರೀಸ್ಟಾರ್ಟು ಮಾಡಿದ್ದಕ್ಕೇ ಮೈಕು ತಾನಾಗಿ ಸರಿಹೋಯಿತೆನ್ನಿ, ಮನೆಯವರ ಮುಖ ಅರಳುತ್ತದೆ, ಈತನ ಮುಖ ಬಾಡುತ್ತದೆ. ‘ಯಾಕ ಸರಿ ಆತು?’ ಎಂದು ಕೇಳುವ ರಿಪೇರಿಯವನನ್ನು ಬೇರೆ ಯಾವ ಕಸುಬಿನಲ್ಲೂ ಕಾಣಲಾರಿರಿ.

ಮೊಬೈಲ್ ಅಂಗಡಿಯಲ್ಲಿ ಯುಎಸ್‌ಬಿ ಹೆಡ್‌ಸೆಟ್ಟು ಸಿಗುತ್ತದಲ್ಲ, ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದರೊಳಗೇ ಒಂದು ಸಣ್ಣ ಸೌಂಡ್ ಕಾರ್ಡು ಇರುವುದರಿಂದ ಚುಚ್ಚಿದ ಕೂಡಲೆ ನಡೆಯುತ್ತದೆ. ಲಿನಕ್ಸ್ ಸರನಿಗೂ ಇದು ಗೊತ್ತು, ಬ್ಯಾಗಿನಲ್ಲೇ ಒಂದನ್ನು ಇಟ್ಟುಕೊಂಡಿರುತ್ತಾನೆ, ಹೊರಗೆ ಮಾತ್ರ ತೆಗೆಯುವುದಿಲ್ಲ. ಹಟ ಎನ್ನಿ. ಆದರೆ ಆ ಹಟಕ್ಕೂ ಒಂದು ಅರ್ಥವಿದೆ. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಒಳಗಿನ ಮೈಕು ಹಳೆಯ ಆಡಿಯೊ ಚಿಪ್ಪಿಗೆ ಜೋಡಿಸಿರುವುದಿಲ್ಲ, ಇಂಟೆಲ್ ಪ್ರೊಸೆಸರಿನೊಳಗೆ ದನಿ ಸಂಸ್ಕರಿಸುವ ಡಿಎಸ್‌ಪಿಗೆ ಜೋಡಿಸಿರುತ್ತದೆ. ಅದನ್ನು ಎಬ್ಬಿಸಲು ಸೌಂಡ್ ಓಪನ್ ಫರ್ಮ್‌ವೇರ್ ಎಂಬ ಕಡತ ಬೇಕು. ಅದಿಲ್ಲದಿದ್ದರೆ ಮೈಕು ಇದ್ದೂ ಇಲ್ಲ. ಇಂಥ ಕಾರಣವನ್ನು ಯಾರೋ ಒಬ್ಬ ಹಟಮಾರಿ ಹುಡುಕಿ ತಿದ್ದಿ ಕಳಿಸಿದರೆ, ಲಿನಕ್ಸಿನ ತಿರುಳಾದ ಕರ್ನೆಲ್ಲಿನ ಮುಂದಿನ ಆವೃತ್ತಿಯೊಡನೆ ಆ ತಿದ್ದುಪಡಿ ಪುಕ್ಕಟೆಯಾಗಿ ಬೀಳಗಿಗೂ ಬರುತ್ತದೆ. ಹೆಡ್‌ಸೆಟ್ಟಾದರೋ ಕೊಂಡವನ ಕಿವಿಗಷ್ಟೇ. ಸರಕಾರದ ದಾರಿ ಕಾಯದೆ, ತಾವೇ ರೊಕ್ಕ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ರೈತರ ಸೀಮೆಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಸಿದ್ದು ನ್ಯಾಮಗೌಡರು ಮುಂದಾಳಾಗಿ ನಿಂತ ಆ ಶ್ರಮಬಿಂದು ಸಾಗರವನ್ನು ಲಿನಕ್ಸ್ ಸರನೂ ಮಾತುಮಾತಿಗೆ ಎತ್ತುತ್ತಾನೆ. ಒಂದೇ ವ್ಯತ್ಯಾಸವೆಂದರೆ, ಅವರು ಹೊಲಕ್ಕೆ ನೀರು ಹರಿಸಿದರು. ಈತ ಬಂದು ಕೂತ ಮನೆಯಲ್ಲಿ ಹುಡುಗನ ಕ್ಲಾಸು ಮುಗಿದುಹೋಗಿರುತ್ತದೆ.

ಬನಹಟ್ಟಿಯಲ್ಲಂತೂ ಮೈಕು ಸರಿಹೋದ ಮೇಲೇ ಅಸಲಿ ಕೆಲಸ. ಮಗ್ಗದ ಮಾಲಕನ ದನಿಗಿಂತ ಮೊದಲು ಪವರ್‌ಲೂಮಿನ ಖಟಪಟ ಆಚೆ ಮುಟ್ಟುತ್ತದೆ. ಲಿನಕ್ಸ್ ಸರನಿಗೆ ಹಬ್ಬ. ಮನುಷ್ಯನ ದನಿಯನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ಸೋಸುವ ಆರ್‌ಎನ್‌ನಾಯ್ಸ್ ಎಂಬುದನ್ನು ಈಸಿಎಫೆಕ್ಟ್ಸ್ ಮೂಲಕ ಹಾಕುತ್ತಾನೆ, ಸಂಜೆಯತನಕ ತಿದ್ದುತ್ತಾನೆ, ಒಂದು ಮಗ್ಗದ ಸಪ್ಪಳವೂ ಉಳಿಯದಂತೆ ಮಾಡುತ್ತಾನೆ. ಮಾಲಕ ಖುಷಿಯಿಂದ ಸೀರೆ ವ್ಯಾಪಾರಿಗೆ ಕಾಲ್ ಹಚ್ಚಿ ಮಾತು ತೆಗೆಯುತ್ತಾನೆ. ಆಚೆಯವನಿಗೆ ಮಾತು ಸ್ಪಷ್ಟ ಕೇಳುತ್ತದೆ, ಆದರೆ ಗಾಬರಿಯಾಗುತ್ತದೆ: ‘ಯಾಕ್ರೀ ಸಾವಕಾರ್ರ, ಮಗ್ಗ ಬಂದ್ ಮಾಡೀರೇನು? ನನ್ನ ಆರ್ಡರಿನ ಗತಿ ಏನ್ರಿ?’