ಗುಬ್ಬಿಗೆ ಜಾಗ ಸಾಕು, ತುಮಕೂರಿಗೆ ಸಾಲದು

ಬೋರ್ಡು ಬರೆಯುವವರ ಕಣ್ಣಲ್ಲಿ ನಮ್ಮ ಜಿಲ್ಲೆಯಲ್ಲಿ ಗುಬ್ಬಿಯಂಥ ಒಳ್ಳೆಯ ಊರು ಇನ್ನೊಂದಿಲ್ಲ. ಎರಡೇ ಅಕ್ಷರ. ಬಸ್ಸಿನ ಹಣೆಯ ಮೇಲೆ ಎಷ್ಟು ದಪ್ಪಗೆ ಬೇಕಾದರೂ ಬರೆಯಿರಿ, ಪಕ್ಕದಲ್ಲಿ ನಿಟ್ಟೂರು, ತಿಪಟೂರುಗಳಿಗೂ ಜಾಗ ಮಿಕ್ಕುತ್ತದೆ. ಕೆಳಗೆ ನೇತಾಡುವ ಬ ಒತ್ತಿಗೆ ಒಂದಿಷ್ಟು ಜಾಗ ಬಿಟ್ಟರಾಯಿತು. ಕುಣಿಗಲ್ಲಿನದು ಸ್ವಲ್ಪ ತಕರಾರು. ‘ಣಿ’ ಕಾಲು ಚಾಚಿ ಕೂರುತ್ತದೆ, ಕೊನೆಯ ‘ಲ್’ ಅರ್ಧಾಕ್ಷರವಾದರೂ ಬಾಲವೆತ್ತಿ ಪೂರ್ತಿ ಅಕ್ಷರದ ಜಾಗ ಕೇಳುತ್ತದೆ. ಇನ್ನು ತುಮಕೂರು! ಜಿಲ್ಲಾ ಕೇಂದ್ರವಲ್ಲವೇ, ಗತ್ತು ಬೇಡವೇ? ತು, ಮ, ಕೂ, ರು, ನಾಲ್ಕಕ್ಕೆ ನಾಲ್ಕೂ ಬಲಗಡೆಗೆ ಕೈ ಬೀಸಿ ನಡೆಯುವ ಅಕ್ಷರಗಳು.

ಸಾಲದ್ದಕ್ಕೆ 2014ರ ನವೆಂಬರ್ 1ರಂದು ಊರುಗಳ ಇಂಗ್ಲಿಷ್ ಹೆಸರು ತಿದ್ದಿದರು. ಮೈಸೂರಿಗೆ ಆರಕ್ಷರ ಇದ್ದದ್ದು ಆರೇ ಉಳಿಯಿತು, ಬೆಂಗಳೂರಿಗೆ ಒಂಬತ್ತು ಒಂಬತ್ತೇ. ನಮ್ಮದೋ, ಆರಿದ್ದದ್ದು ಎಂಟಾಯಿತು. ಊರಿನ ಮರ್ಯಾದೆ ಹೆಚ್ಚಿತು, ಬೋರ್ಡಿನ ಅಗಲ ಹೆಚ್ಚಲಿಲ್ಲ.

ಇಂಗ್ಲಿಷಿನವರಿಗೆ ಹೀಗೆ ಇದ್ದ ಜಾಗದಲ್ಲಿ ಹಿಡಿಸುವುದು ದೊಡ್ಡ ವಿಷಯವೇ ಅಲ್ಲ. ದಪ್ಪಗಿರಬೇಕು, ದೂರದಿಂದ ಕಾಣಬೇಕು, ಒತ್ತೊತ್ತಾಗಿಯೂ ನಿಲ್ಲಬೇಕು ಎಂದಾಗ ಅವರಲ್ಲಿ ಇಂಪ್ಯಾಕ್ಟ್‌ನಂಥ ಫಾಂಟುಗಳಿವೆ. 1965ರಲ್ಲಿ ಜೆಫ್ರಿ ಲೀ ಎಂಬಾತ ರೂಪಿಸಿದ್ದು. ಮುಂದೆ ವಿಂಡೋಸ್ ಜೊತೆಗೇ ಬಂದು ತುಮಕೂರಿನ ಕಂಪ್ಯೂಟರುಗಳಲ್ಲೂ ಠಿಕಾಣಿ ಹೂಡಿತು. ಅವರ ಅಕ್ಷರಗಳು ಬಹುಪಾಲು ನೆಟ್ಟಗೆ ನಿಂತ ಕಂಬಗಳು. ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಬಹುದು. ನಮ್ಮವು ದುಂಡನೆಯವು, ತಲೆಯ ಮೇಲೆ ತಲೆಕಟ್ಟು, ಪಕ್ಕದಲ್ಲಿ ಕೊಂಬು, ಕಾಲಡಿ ಒತ್ತು. ಸಂಸಾರಸ್ಥ ಅಕ್ಷರಗಳು, ಎಲ್ಲಿ ಸರಿಯುತ್ತವೆ?

ಸರಿಯದಿದ್ದರೂ ಸರಿಸುವವರಿದ್ದಾರೆ. ನಮ್ಮ ಕಡೆ ಹಳ್ಳಿಹಳ್ಳಿಯಲ್ಲೂ ಪೌರಾಣಿಕ ನಾಟಕದ ಹುಚ್ಚು. ಪಾತ್ರಕ್ಕಿಷ್ಟು ಎಂದು ಕೈಯಿಂದ ದುಡ್ಡು ಹಾಕಿ ಬಣ್ಣ ಹಚ್ಚುವವರು ನಾವು. ದುಡ್ಡು ಕೊಟ್ಟ ಮೇಲೆ ಫ್ಲೆಕ್ಸಿನಲ್ಲಿ ಹೆಸರು ಬರಬೇಡವೇ? ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂಬ ಶೀರ್ಷಿಕೆ ಒಂದೇ ಸಾಲಿನಲ್ಲಿ, ಅದೂ ದಪ್ಪಗೆ ಬರಬೇಕು. ಕೆಳಗೆ ಪಾತ್ರಧಾರಿಗಳು, ಹಾರ್ಮೋನಿಯಂ ಮಾಸ್ಟರು, ಸೀನರಿಯವರು, ಅವರ ಕೆಳಗೆ ಸ್ವಾಗತ ಕೋರುವವರ ದಂಡು.

“ಹಿಡಿಸುತ್ತೇನಪ್ಪಾ?”

“ಹಿಡಿಸೋಣ ಬಿಡಣ್ಣ, ಅದಕ್ಕೇನಂತೆ” ಎಂದ ಫ್ಲೆಕ್ಸ್ ಅಂಗಡಿಯ ಹುಡುಗ. ಕೋರೆಲ್‌ಡ್ರಾದಲ್ಲಿ ಅಕ್ಷರದ ಸಾಲಿನ ಪಕ್ಕದ ಚೌಕವನ್ನು ಮೌಸಿನಿಂದ ಹಿಡಿದು ಒಳಕ್ಕೆ ತಳ್ಳಿದ. ಸಾಲು ಅರ್ಧಕ್ಕೆ ಬಂತು. ಕೇಳಿದವರಿಗೂ ಸಮಾಧಾನ, ತಳ್ಳಿದವನಿಗೂ ಸಮಾಧಾನ.

ಆದರೆ ಹತ್ತಿರದಿಂದ ನೋಡಿ. ಅಗಲವನ್ನು ಅರ್ಧ ಮಾಡಿದಾಗ ನಿಂತ ಗೆರೆಗಳು ಅರ್ಧ ಸಣ್ಣಗಾಗುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ದಪ್ಪ ಇರುತ್ತವೆ. ಮಲಗಿದ ಗೆರೆಯೆಂದರೆ ನಮ್ಮಲ್ಲಿ ತಲೆಕಟ್ಟೇ. ಹೀಗಾಗಿ ಇಡೀ ಸಾಲು, ಜ್ವರ ಬಿಟ್ಟೆದ್ದ ಮದುಮಗನಿಗೆ ಮೈಸೂರು ಪೇಟ ಇಟ್ಟಂತೆ ಕಾಣುತ್ತದೆ. ತೆಳ್ಳಗಾಯಿತು ಎಂದು ಸುತ್ತ ಔಟ್‌ಲೈನ್ ಹಾಕಿ ದಪ್ಪ ಮಾಡಿದನೋ, ಒಳಗಿನ ಸಂದುಗಳೆಲ್ಲ ಮುಚ್ಚಿಹೋದವು. ‘ಧ’ದ ಹೊಟ್ಟೆಯ ಸೀಳು ಮುಚ್ಚಿ ಧರ್ಮರಾಜ್ಯ ದರ್ಮರಾಜ್ಯವಾಯಿತು. ಕೌರವನ ಗದೆಗೆ ಬಗ್ಗದ ಭೀಮನ ಮಹಾಪ್ರಾಣ ಫ್ಲೆಕ್ಸ್ ಅಂಗಡಿಯಲ್ಲಿ ಹೋಯಿತು. ‘ಬೀಮ’ನಾಗಿ ನಿಂತ ಆಸಾಮಿ ಅದನ್ನು ಗಮನಿಸಲೇ ಇಲ್ಲ, ಅವನಿಗೆ ತನ್ನ ಫೋಟೋ ದುರ್ಯೋಧನನದಕ್ಕಿಂತ ಚಿಕ್ಕದಾಯಿತು ಎಂಬುದೇ ಚಿಂತೆ.

ಸೀಸದ ಅಚ್ಚುಮೊಳೆಯ ಕಾಲದಲ್ಲಿ ಈ ಆಟ ನಡೆಯುತ್ತಿರಲಿಲ್ಲ. ಮೊಳೆಯನ್ನು ಹಿಂಡಲು ಬರುವುದಿಲ್ಲ. ಸಾಲು ಹಿಡಿಸದಿದ್ದರೆ ಚಿಕ್ಕ ಮೊಳೆ ಹುಡುಕಬೇಕು, ಇಲ್ಲವೇ ಪದ ಕಡಿಮೆ ಮಾಡಬೇಕು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಪೂರ್ತಿ ಹೆಸರನ್ನು ಒಮ್ಮೆ ಉಸಿರು ಹಿಡಿದು ಹೇಳಿ: ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಮೊಳೆ ಜೋಡಿಸುವವನ ಕಷ್ಟ ಆ ಚನ್ನಬಸವೇಶ್ವರನಿಗೇ ಗೊತ್ತು. ಜನರೇ ಅದನ್ನು ‘ಗುಬ್ಬಿ ಕಂಪನಿ’ ಎಂದು ಮೊಟಕು ಮಾಡಿಕೊಂಡರು. ಆ ಕಂಪನಿಯ ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ನಮ್ಮವರು ಆನೆಯ ಖರ್ಚನ್ನೆಲ್ಲ ಫ್ಲೆಕ್ಸಿಗೇ ಹಾಕಿಬಿಡುತ್ತಾರೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಿದ್ದಾರೆ ಎಂಬ ಸಣ್ಣ ವಿಷಯವನ್ನು ಅದೇ ಫ್ಲೆಕ್ಸಿನ ಮೇಲೆ ಯಾರೂ ಬರೆಸುವುದಿಲ್ಲ, ಬಿಡಿ.

ಈಗ ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡವೇ ಇರಬೇಕು, ಅದೂ ಮೇಲ್ಭಾಗದಲ್ಲಿ. ಒಳ್ಳೆಯ ಕಾನೂನು. ಆದರೆ ಕನ್ನಡವನ್ನು ಹೀಗೆ ಹಿಂಡಿ ಹಿಪ್ಪೆ ಮಾಡಿ ಆ ಅರವತ್ತನ್ನು ತುಂಬಿದರೆ ಕನ್ನಡಕ್ಕೇನು ಬಂತು ಭಾಗ್ಯ? ಕಿರಿದಾದ ಅಕ್ಷರವನ್ನು ಕಿರಿದಾಗಿಯೇ ಬರೆಯಬೇಕು: ತಲೆಕಟ್ಟನ್ನು ತೆಳ್ಳಗೆ ಮಾಡಿ, ಸಂದುಗಳನ್ನು ಬಿಡಿಸಿ, ಒತ್ತನ್ನು ಹೊಟ್ಟೆಯ ಹತ್ತಿರಕ್ಕೆ ಎಳೆದು. ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವರಿಗೆ ಇದು ಕೈಯಲ್ಲೇ ಇತ್ತು. ಕಂಪ್ಯೂಟರಿಗೂ ಈಗ ಬಂದಿದೆ. ಮುಂಬಯಿಯ ಏಕ್ ಟೈಪ್‌ನವರು 2022ರಲ್ಲಿ ಹೊರತಂದ ಅನೇಕ್ ಕನ್ನಡ ಎಂಬ ಯೂನಿಕೋಡ್ ಫಾಂಟಿನಲ್ಲಿ ದಪ್ಪವನ್ನೂ ಅಗಲವನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಸಾಮಾನ್ಯ ಅಗಲ 100 ಎಂದರೆ 75ರವರೆಗೆ ಕಿರಿದಾಗಿಸಿದರೂ ‘ಧ’ದ ಸೀಳು ಸೀಳಾಗಿಯೇ ಉಳಿಯುತ್ತದೆ. ಅಂಗಡಿಯ ಹುಡುಗರು ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳನ್ನು ಬಿಡದಿರುವುದಕ್ಕೂ ಕಾರಣವಿದೆ: ಹಳೆಯ ಕೋರೆಲ್‌ಡ್ರಾದಲ್ಲಿ ಯೂನಿಕೋಡ್ ಹಾಕಿದರೆ ಒತ್ತಕ್ಷರಗಳು ಒಡೆದು ಬೀಳುತ್ತವೆ. ಹೊಸದರಲ್ಲಿ ಆ ಕಾಟವಿಲ್ಲ.

ಆದ್ದರಿಂದ ಮುಂದಿನ ನಾಟಕಕ್ಕೆ ಫ್ಲೆಕ್ಸ್ ಮಾಡಿಸಲು ಹೋಗುವಾಗ ಪೆನ್‌ಡ್ರೈವಿನಲ್ಲಿ ಅನೇಕ್ ಫಾಂಟನ್ನೂ ಒಯ್ಯಿರಿ. ಅದು ಪುಕ್ಕಟೆ ಸಿಗುತ್ತದೆ. ಸ್ವಾಗತ ಕೋರುವವರ ಪಟ್ಟಿಯಲ್ಲಿ ನಾಲ್ಕು ಹೆಸರು ಹೊಡೆದುಹಾಕುವ ಧೈರ್ಯವನ್ನು ಮಾತ್ರ ನೀವೇ ಹೊಂದಿಸಿಕೊಳ್ಳಬೇಕು.